ಶ್ರೀಕಂಠಯ್ಯನವರ ತೆಂಕಣ ಬಿಸಿಲು

ತಾವು ವಾಸವಾಗಿರುವ ಸ್ಥಳವನ್ನು ‘ವಿಲೇಜ್’ ಎಂದು ಕರೆಯುವುದೇ ಸತ್ಯಕ್ಕೆ ಬಗೆದ ದ್ರೋಹವೆಂದು ಶ್ರೀಕಂಠಯ್ಯನವರು ಬಂದ ದಿನದಿಂದಲೂ ಪ್ರತಿಪಾದಿಸುತ್ತಿದ್ದರು. ಗ್ರಾಮವೆಂದ ಮೇಲೆ ಒಂದು ಅರಳಿಕಟ್ಟೆ ಬೇಡವೆ? ದನ ಬೇಡವೆ? ಕನಿಷ್ಠಪಕ್ಷ, ಪರರ ಮನೆಯ ವಿಷಯವನ್ನು ಗಟ್ಟಿಯಾಗಿ ಆಡಿಕೊಳ್ಳುವ ನಾಲ್ಕು ಜನ ಬೇಡವೆ? ಸಿಡ್ನಿಯ ವಾಯವ್ಯ ಅಂಚಿನ ಈ ನಿವೃತ್ತರ ಬಡಾವಣೆಯಲ್ಲಿ ನೀರು ಉಳಿಸಬೇಕೆಂದು ಹುಲ್ಲು ಕಿತ್ತು, ಪ್ರತಿ ಮನೆಯ ಮುಂದೆಯೂ ಕೆಂಪು ಜಲ್ಲಿ ಹಾಸಿ, ಪಾಪಾಸುಕಳ್ಳಿ ನೆಟ್ಟಿದ್ದರು. (ಅರಸೀಕೆರೆಯ ಕಡೆ ಹೊಲಕ್ಕೆ ಕುರಿ ನುಗ್ಗದಿರಲೆಂದು ಬೇಲಿಗೆ ಹಾಕುವ ಗಿಡಕ್ಕೆ ಇಲ್ಲಿ ಹೆಸರಿನ ಫಲಕ!) ಆ ಮರುಭೂಮಿಯ ನಡುವೆ ವೃದ್ಧರು ಬ್ಯಾಟರಿ ಗಾಡಿಗಳನ್ನೇರಿ, ಕೂಗಿದರೆ ಕೇಳಿಸುವಷ್ಟು ದೂರದ ಕ್ಲಬ್ಬಿಗೆ ದಿಗ್ವಿಜಯಕ್ಕೆ ಹೊರಟವರಂತೆ ಸಾಗುತ್ತಿದ್ದರು.

ಆದರೆ ಇವೆಲ್ಲ ಸಣ್ಣ ಆಕ್ಷೇಪಣೆಗಳು. ದೊಡ್ಡ ವಿವಾದವೆದ್ದದ್ದು ಸೂರ್ಯನ ವಿಷಯದಲ್ಲಿ.

ಶ್ರೀಕಂಠಯ್ಯನವರು ಅರಸೀಕೆರೆಯ ಪ್ರೌಢಶಾಲೆಯಲ್ಲಿ ಭೂಗೋಳ ಬೋಧಿಸಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಪಠ್ಯಪುಸ್ತಕದ ನಕ್ಷೆಯಲ್ಲಿ ಹೇಮಾವತಿ ನದಿ ಕೂದಲೆಳೆಯಷ್ಟು ಸರಿದಿದ್ದರೂ ಇಲಾಖೆಗೆ ಬರೆದು ಅದನ್ನು ಸ್ವಸ್ಥಾನಕ್ಕೆ ಹಿಂತಿರುಗಿಸಿದವರು. ಅಲ್ಲೇ ಹತ್ತಿರದ ನಾರ್ವೆಸ್ಟ್ ಬಡಾವಣೆಯಲ್ಲಿ ಕೆಲಸದಲ್ಲಿರುವ ಮಗಳು ಪ್ರಾರ್ಥನಾ, ತಂದೆತಾಯಿ ತನ್ನ ಮನೆಯ ಸಮೀಪವೇ ಇರಲೆಂದು ಈ ವಿಲೇಜಿಗೆ ಕರೆತಂದಾಗ, ಎರಡು ಮನೆಗಳು ಖಾಲಿಯಿದ್ದವು. ಒಂದರ ಹಿತ್ತಿಲು ಉತ್ತರಕ್ಕೆ, ಇನ್ನೊಂದರದು ದಕ್ಷಿಣಕ್ಕೆ.

“ಅಪ್ಪಾ, ನಾರ್ಥ್ ಕಡೆ ಬ್ಯಾಕ್‌ಯಾರ್ಡ್ ಇರೋದನ್ನೇ ತಗೊಳ್ಳಿ. ಇಲ್ಲಿ ಸೂರ್ಯ ಆ ಕಡೆ ಇರ್ತಾನೆ,” ಎಂದಳು ಪ್ರಾರ್ಥನಾ.

ಶ್ರೀಕಂಠಯ್ಯನವರು ಕರುಣೆಯಿಂದ ನಕ್ಕರು. “ನೀನು ಕಂಪ್ಯೂಟರ್ ಓದಿದವಳಮ್ಮ, ಸೂರ್ಯನನ್ನಲ್ಲ. ಸೂರ್ಯ ವಾಲುವುದು ದಕ್ಷಿಣಕ್ಕೆ. ನಮ್ಮ ಮನೆಯ ತೆಂಕಣ ಜಗಲಿಯಲ್ಲಿ ನಿಮ್ಮಮ್ಮ ಒಣಗಿಸಿದ ಮೆಣಸಿನಕಾಯಿಯೇ ಇದಕ್ಕೆ ಸಾಕ್ಷಿ.”

ಆಸ್ಟ್ರೇಲಿಯದಲ್ಲಿ ಡಿಸೆಂಬರ್ ಬೇಸಿಗೆಯೆಂದು ಅವರೇ ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ಆದರೆ ಅಲ್ಲಿ ಸೂರ್ಯ ಯಾವ ಮಗ್ಗುಲಲ್ಲಿ ಇರುತ್ತಾನೆಂಬುದು ಪಠ್ಯಕ್ರಮದಲ್ಲಿರಲಿಲ್ಲ; ಪಠ್ಯಕ್ರಮದಲ್ಲಿಲ್ಲದ್ದನ್ನು ಸೂರ್ಯನೂ ಮಾಡಕೂಡದು. ದುರದೃಷ್ಟಕ್ಕೆ, ಅವರು ಮನೆ ನೋಡಿದ್ದು ಡಿಸೆಂಬರಿನ ನಡುಹಗಲು. ಸೂರ್ಯ ನೆತ್ತಿಯ ಮೇಲೆಯೇ ಇದ್ದುದರಿಂದ ದಕ್ಷಿಣದ ಹಿತ್ತಿಲೂ ಕಾವಲಿಯಂತೆ ಕಾದಿತ್ತು. “ಪ್ರತ್ಯಕ್ಷಕ್ಕಿಂತ ಬೇರೆ ಪ್ರಮಾಣ ಬೇಕೆ?” ಎಂದು ಅಂಗಾಲು ಸುಟ್ಟುಕೊಂಡೇ ಅವರು ಆ ಮನೆಯನ್ನು ಒಪ್ಪಿಕೊಂಡರು.

ಮಾರ್ಚಿಗೆ ಸೂರಿನ ನೆರಳು ಗೋಡೆ ಬಿಟ್ಟು ಹೊರಟಿತು. ಏಪ್ರಿಲಿನಲ್ಲಿ ಬಟ್ಟೆ ಒಣಹಾಕುವ ತಂತಿಯನ್ನು ನುಂಗಿತು. ಮೇ ತಿಂಗಳಿಗೆ ಹಿಂದಿನ ಬೇಲಿಯ ಬುಡಕ್ಕೆ ತಲೆಯಿಟ್ಟು ಮಲಗಿತು.

“ಮೋಡ,” ಎಂದರು ಶ್ರೀಕಂಠಯ್ಯನವರು.

“ಎಲ್ಲಿ ಮೋಡ?” ಹೆಂಡತಿ ಕಾಳಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಆಕಾಶ ನೋಡಿದರು. ಆಕಾಶ ತೊಳೆದಿಟ್ಟ ಗಂಗಾಳದಂತಿತ್ತು. “ಯುಗಾದಿ ಕಳೆದ ಮೇಲೆ ಸಂಡಿಗೆ ಇಡೋದು ನಮ್ಮತ್ತೆ ಕಾಲದ ಪದ್ಧತಿ. ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಿಂದ ಸಬ್ಬಕ್ಕಿ ತರಿಸಿ, ತೋಳು ಬೀಳೋ ಹಾಗೆ ತಿರುವಿ ಇಟ್ಟೆ. ನೋಡಿ ನಿಮ್ಮ ದಕ್ಷಿಣದ ಬಿಸಿಲು! ಬೂಷ್ಟು ಬಂದಿದೆ. ಸಂಡಿಗೆ ಮೇಲೆ ಬೆಕ್ಕಿನ ಮೈ ಹಾಗೆ ಕೂದಲು ಬೆಳೆದಿದೆ!”

“ತೇವಾಂಶದ ದೋಷ. ದಿಕ್ಕಿನದಲ್ಲ.”

“ಮುಂದುಗಡೆ ಜಲ್ಲಿ ಮೇಲೆ ಹರಡ್ಲಾ? ಅಲ್ಲಿ ಬಿಸಿಲು ಸುರೀತಿದೆ.”

“ರಸ್ತೆಗೆ ಕಾಣುವಂತೆ ಏನನ್ನೂ ಒಣಗಿಸಬಾರದೆಂದು ವಿಲೇಜಿನ ನಿಯಮವಿದೆ. ನಿಯಮ ಮುರಿಯುವುದು ನನ್ನ ಜಾಯಮಾನವಲ್ಲ.”

“ತಪ್ಪು ಒಪ್ಕೊಳ್ಳೋದೂ ಅಲ್ಲ!”

ಈ ಮಾತು ಮುಖ್ಯೋಪಾಧ್ಯಾಯರ ಮರ್ಮಕ್ಕೆ ತಗುಲಿತು. ಅವರು ಎದ್ದು ನಿಂತು, ಪ್ರಾರ್ಥನೆಯ ವೇಳೆ ಶಾಲೆಯ ಅಂಗಳದಲ್ಲಿ ನಿಲ್ಲುತ್ತಿದ್ದ ಭಂಗಿಯಲ್ಲಿ ಘೋಷಿಸಿದರು: “ಭಾನುವಾರ ಮಗಳು, ಅಳಿಯ, ಮೊಮ್ಮಗಳು ಊಟಕ್ಕೆ ಬರುತ್ತಾರೆ. ಇದೇ ಹಿತ್ತಿಲಿನಲ್ಲಿ ಒಣಗಿದ ಸಂಡಿಗೆ ಅಂದು ಎಣ್ಣೆಯಲ್ಲಿ ಅರಳದಿದ್ದರೆ, ಅವರೆಲ್ಲರ ಎದುರು ‘ನನಗೆ ದಿಕ್ಕು ತಿಳಿಯದು’ ಎಂದು ಹೇಳುತ್ತೇನೆ. ಅರಳಿದರೆ, ಈ ಮನೆಯಲ್ಲಿ ಯಾರೂ ದಿಕ್ಕಿನ ಮಾತೆತ್ತಕೂಡದು.”

“ಬರೀ ಬಾಯಲ್ಲಿ ಹೇಳಿದ್ರೆ ಸಾಲ್ದು. ಆಮೇಲೆ ನಾನು ಹೇಳಿದ ಕಡೆ ಕೂತು ಸಂಡಿಗೆ ಕಾಯ್ಬೇಕು.”

“ಸಮ್ಮತ!”

ಮರುದಿನ ಕಾಳಮ್ಮನವರು ಪ್ಲಾಸ್ಟಿಕ್ ಹಾಳೆಯ ಮೇಲೆ ಹೊಸ ಸಂಡಿಗೆ ಇಟ್ಟರು. ಶ್ರೀಕಂಠಯ್ಯನವರು ಅವರ ಅಲಂಕಾರದ ನಿಲುವುಗನ್ನಡಿಯನ್ನು ಹೊತ್ತು ಹಿತ್ತಿಲಿಗೆ ತಂದರು. ಸೂರನ್ನು ದಾಟಿ ಬಂದ ಬಿಸಿಲು ನೆಲ ಮುಟ್ಟದಿದ್ದರೂ ಬೇಲಿಯ ನೆತ್ತಿಯನ್ನು ಮುಟ್ಟುತ್ತಿತ್ತು. ಅಲ್ಲಿ ಕನ್ನಡಿ ಕಟ್ಟಿ ಬಾಗಿಸಿದರೆ, ಪತನ ಕೋನಕ್ಕೆ ಸಮನಾದ ಪ್ರತಿಫಲನ ಕೋನದಲ್ಲಿ ಬಿಸಿಲು ಸಂಡಿಗೆಗೆ ಬೀಳಲೇಬೇಕು. ಬಿತ್ತು ಕೂಡ. ಆದರೆ ಸಂಡಿಗೆಗೆ ಬೀಳುವ ಮೊದಲು ಕಾಳಮ್ಮನವರ ಕಣ್ಣಿಗೆ, ಆಮೇಲೆ ಅಡುಗೆಮನೆಯ ಹಾಲಿನ ಪಾತ್ರೆಗೆ, ಆಮೇಲೆ ಪಕ್ಕದ ಮನೆಯ ಸೂರಿಗೆ ಬಿತ್ತು. ಸೂರ್ಯ ಸರಿದಂತೆಲ್ಲ ಕನ್ನಡಿಯನ್ನೂ ಸರಿಸಬೇಕಾಗಿದ್ದರಿಂದ ಅವರು ಸ್ಟೂಲಿನ ಮೇಲೇರಿ, ತಲೆಗೆ ಟವೆಲ್ ಸುತ್ತಿ ನಿಂತೇ ಇದ್ದರು. ಅಷ್ಟರಲ್ಲಿ ಒಂದು ಮ್ಯಾಗ್‌ಪೈ ಹಕ್ಕಿ ಕನ್ನಡಿಯಲ್ಲಿ ತನ್ನ ದಾಯಾದಿಯನ್ನು ಕಂಡು ಯುದ್ಧಕ್ಕಿಳಿಯಿತು; ಮೇಷ್ಟರು ಮಧ್ಯಸ್ಥಿಕೆ ವಹಿಸಲು ಹೋಗಿ ಕೈ ಕುಕ್ಕಿಸಿಕೊಂಡರು.

“ಇಳೀರಿ ಅಂದ್ರೆ! ಸೊಂಟ ಮುರಿದ್ರೆ ಯಾವ ದಿಕ್ಕಿಗೆ ಓಡ್ಲಿ ನಾನು?”

“ವಿಜ್ಞಾನ ಬಲಿ ಕೇಳುತ್ತದೆ, ಕಾಳಮ್ಮ.”

ವಿಜ್ಞಾನ ಕೇಳಿದರೂ ಮಧ್ಯಾಹ್ನದ ನಿದ್ದೆ ಬಿಡಲಿಲ್ಲ. ಊಟವಾದ ಮೇಲೆ ಮಲಗಿದವರು ಎದ್ದಾಗ ಸಂಜೆಯಾಗಿತ್ತು. ಹಿತ್ತಿಲಿಗೆ ಹೋಗಿ ಹಾಳೆಯ ಮೇಲಿನ ಒಂದು ಸಂಡಿಗೆಯನ್ನು ತಟ್ಟಿದರು: ಗರಗರ! ಮೂಗಿಗೆ ಹಿಡಿದರು. ಯಾವುದೋ ಹೂವಿನ ಪರಿಮಳ. “ಪ್ರತಿಫಲಿತ ಕಿರಣದ ಗುಣವಿರಬೇಕು,” ಎಂದು ತೀರ್ಮಾನಿಸಿದರು. ಎರಡನೆಯ ದಿನವೂ ಬೆಳಿಗ್ಗೆ ಕನ್ನಡಿ, ಮಧ್ಯಾಹ್ನ ನಿದ್ದೆ, ಸಂಜೆ ಗರಗರ. ಈ ನಡುವೆ ಅವರ ಕರಿಕೊಡೆ ಕಾಣೆಯಾಗಿತ್ತು. ವಿಜಯದ ಹೊಸ್ತಿಲಲ್ಲಿ ನಿಂತವರು ಕೊಡೆ ಹುಡುಕುವುದಿಲ್ಲ.

ಭಾನುವಾರ ಬಂತು. ಕಾಳಮ್ಮನವರು ಸಂಡಿಗೆಯನ್ನು ಎಣ್ಣೆಗೆ ಬಿಟ್ಟದ್ದೇ ತಡ, ಮಲ್ಲಿಗೆ ಬಿರಿದಂತೆ ಅರಳಿತು. ಶ್ರೀಕಂಠಯ್ಯನವರು ಒಂದನ್ನು ಎತ್ತಿ ಹಿಡಿದರು.

“ಇಂದ್ರೇಶ್, ಇದನ್ನು ತಾವು ಸಂಡಿಗೆಯೆಂದು ತಿಳಿಯಬಾರದು. ಇದು ಪುರಾವೆ.”

“ಸೂಪರ್ ಆಗಿದೆ ಮಾವ,” ಎಂದ ಅಳಿಯ, ಪುರಾವೆಯನ್ನು ಸಾರಿನಲ್ಲಿ ಅದ್ದಿಕೊಳ್ಳುತ್ತ.

“ಬಟ್ ತಾತ, ಸನ್ ನಾರ್ಥಲ್ಲಿ ಇರತ್ತೆ. ಎವ್ರಿವನ್ ನೋಸ್ ದಟ್,” ಎಂದಳು ಹತ್ತು ವರ್ಷದ ಗಾನವಿ.

“ಎವ್ರಿವನ್ ಎನ್ನುವವರು ಬಂದು ತಿಂದು ನೋಡಲಿ! ಬೇಲಿಯ ಆಚೆ ಬೆರಿಲ್ ಇದ್ದಾರಲ್ಲ, ಈ ವಿಲೇಜಿನ ಹಳೆಯ ನಿವಾಸಿ. ಅವರನ್ನೇ ಕರೆಯುತ್ತೇನೆ.”

ಕಾಳಮ್ಮನವರ ಕೈಯ ಜಾಲರಿಸೌಟು ತಡೆದು ನಿಂತಿತು. “ಬೇಡ್ರೀ. ಪಾಪ, ಅವರಿಗೆ ಮೂಗಿನ ಮೇಲೆ ಏನೋ ಕೊಯ್ದಿದಾರೆ. ಬಿಸಿಲಿಗೆ ಬರಬಾರ್ದಂತೆ.”

“ನಮ್ಮ ಹಿತ್ತಿಲಿಗೆ ತಾನೆ ಬರುವುದು? ಇಲ್ಲಿ ಬಿಸಿಲೆಲ್ಲಿದೆ?” ಎಂದುಬಿಟ್ಟರು ಶ್ರೀಕಂಠಯ್ಯನವರು. ತಮ್ಮ ಬಾಯಿಂದ ಬಿದ್ದದ್ದೇನೆಂದು ಅವರಿಗೆ ಹೊಳೆಯಲಿಲ್ಲ. ಇಂದ್ರೇಶನಿಗೆ ಹೊಳೆಯಿತು, ಅವನು ತಟ್ಟೆಯನ್ನು ಬಹಳ ಗಮನವಿಟ್ಟು ನೋಡತೊಡಗಿದ.

“ಊಟ ಆರತ್ತೆ, ಕೂತ್ಕೊಳ್ಳಿ ಅಂದ್ರೆ!”

ಹಿಡಿದ ಕಾರ್ಯ ಬಿಡುವ ಜಾಯಮಾನ ಅವರದಲ್ಲ. ದಡದಡನೆ ಹೋಗಿ ಸ್ಟೂಲನ್ನೇರಿದರು, ಕನ್ನಡಿಯ ಪಕ್ಕದಿಂದ ಬೇಲಿಯಾಚೆ ಕತ್ತು ಚಾಚಿದರು, “ಹಲೋ, ಬೆ—” ಎಂದರು.

ಬೆರಿಲ್ ಅವರ ಹಿತ್ತಿಲು, ಅಂದರೆ ಆ ಮನೆಯ ಉತ್ತರದ ಮಗ್ಗುಲು, ಬಿಸಿಲಿನಲ್ಲಿ ಧಗಧಗಿಸುತ್ತಿತ್ತು. ಲ್ಯಾವೆಂಡರ್ ಗಿಡಗಳ ಸಾಲಿನ ಪಕ್ಕ ಕಾಳಮ್ಮನವರ ಹಾಳೆ. ಅದರ ಮೇಲೆ ಸಾಲುಸಾಲಾಗಿ ಇನ್ನೊಂದು ಕಂತಿನ ಸಂಡಿಗೆ. ಹಾಳೆ ಹಾರದಿರಲೆಂದು ನಾಲ್ಕು ಮೂಲೆಗೂ ಅರಸೀಕೆರೆಯ ಹಿತ್ತಾಳೆ ಚೊಂಬುಗಳು. ಬಾಗಿಲ ನೆರಳಿನಲ್ಲಿ, ಮೂಗಿಗೆ ಪಟ್ಟಿ ಹಾಕಿಕೊಂಡ ಬೆರಿಲ್, ಶ್ರೀಕಂಠಯ್ಯನವರ ಕರಿಕೊಡೆಯನ್ನು ಚಾಚಿ ಹಕ್ಕಿ ಓಡಿಸುತ್ತ ಕುಳಿತಿದ್ದರು. ಇವರನ್ನು ಕಂಡು ಕೊಡೆಯನ್ನೇ ಎತ್ತಿ ನಮಸ್ಕಾರ ಮಾಡಿದರು.

“ಏನ್ ಕಾಣ್ತಿದೆ ಮಾವ?” ಒಳಗಿನಿಂದ ಇಂದ್ರೇಶ್ ಕೇಳಿದ.

ಶ್ರೀಕಂಠಯ್ಯನವರು ಜೀವಮಾನದಲ್ಲಿ ವಾಸ್ತವಾಂಶವನ್ನು ತಿರುಚಿದವರಲ್ಲ.

“ಬಿಸಿಲು,” ಎಂದರು.

ಕಾಳಮ್ಮನವರು ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ಅಳಿಯನ ಮುಂದೆ ನಿಮ್ಮ ಮಾತು ಬೀಳಬಾರದು ಅಂತ, ನೀವು ಮಲಗಿದಾಗ ಆ ಕಡೆ ಸಾಗಿಸ್ತಿದ್ದೆ. ಬೇಡ ಬೇಡ ಅಂದೆ. ಕೇಳಿದ್ರಾ?”

ಅವರು ಸ್ಟೂಲಿನಿಂದ ಇಳಿದು ಊಟದ ಮೇಜಿನ ಬಳಿ ನೆಟ್ಟಗೆ ನಿಂತರು. “ಉತ್ತರ ಗೋಳಾರ್ಧಕ್ಕೆ ಸಂಬಂಧಿಸಿದಂತೆ ನಾನು ಹೇಳಿದ್ದರಲ್ಲಿ ಯಾವ ದೋಷವೂ—”

“ಇದು ಯಾವ ಗೋಳಾರ್ಧ?” ಎಂದರು ಕಾಳಮ್ಮನವರು.

“...ದಕ್ಷಿಣ.”

“ಹಾಗಾದ್ರೆ ಹೇಳಿ.”

“ನನಗೆ ದಿಕ್ಕು ತಿಳಿಯದು,” ಎಂದ ಶ್ರೀಕಂಠಯ್ಯನವರು, ಒಂದು ಉಸಿರು ಬಿಟ್ಟು, “ಇಲ್ಲಿ,” ಎಂದು ಸೇರಿಸಿದರು.

ಈಗ ವಿಲೇಜಿನಲ್ಲಿ ಅವರ ಹಿತ್ತಿಲಿಗೆ ಬಹಳ ಹೆಸರು. ಬಿಸಿಲು ಕಂಡರಾಗದ ಬೆರಿಲ್ ಊಟವಾದೊಡನೆ ಅಲ್ಲಿಗೆ ಬಂದು, ಶ್ರೀಕಂಠಯ್ಯನವರ ಆರಾಮಕುರ್ಚಿಯಲ್ಲೇ ಒರಗಿ, ಕಾಳಮ್ಮನವರ ಫಿಲ್ಟರ್ ಕಾಫಿ ಕುಡಿಯುತ್ತಾರೆ. ಮಾತು ಕಾಳಮ್ಮನವರದು ಕನ್ನಡದಲ್ಲಿ, ಬೆರಿಲ್ ಅವರದು ಇಂಗ್ಲಿಷಿನಲ್ಲಿ. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತದೆ. ಇಂಥ ತಂಪಾದ ಜಾಗವನ್ನು ಹುಡುಕಿ ಆರಿಸಿದ ಮನೆಯೊಡೆಯ ಮಹಾ ಬುದ್ಧಿವಂತನೆಂದು ಕೇಳಿ, ಕ್ಲಬ್ಬಿನ ಇನ್ನೂ ಮೂವರು ಅಜ್ಜಿಯರು ಬ್ಯಾಟರಿ ಗಾಡಿಗಳಲ್ಲಿ ಬರತೊಡಗಿದ್ದಾರೆ.

ಮಹಾ ಬುದ್ಧಿವಂತರು ಮಾತ್ರ ಬೇಲಿಯಾಚೆ, ಲ್ಯಾವೆಂಡರ್ ಪಕ್ಕ, ಟವೆಲ್ ಸುತ್ತಿಕೊಂಡು ಕೊಡೆ ಹಿಡಿದು ಕುಳಿತಿರುತ್ತಾರೆ. ಮೊನ್ನೆ ಗಾನವಿ ಬೇಲಿಯ ಸಂದಿನಿಂದ ಕೂಗಿದಳು: “ತಾತ! ಸನ್ ಯಾವ ಸೈಡಲ್ಲಿದೆ?”

ಶ್ರೀಕಂಠಯ್ಯನವರು ಹುಬ್ಬಿಗೆ ಕೈ ಅಡ್ಡ ಹಿಡಿದು, ಎದುರಿನ ತಮ್ಮದೇ ಮನೆಯ ಸೂರಿನತ್ತ ಕಣ್ಣು ಕಿರಿದುಗೊಳಿಸಿ ನೋಡಿದರು. ಒಂದಕ್ಷರವೂ ಸುಳ್ಳಾಗದ ಉತ್ತರವನ್ನು ಬಹಳ ಯೋಚಿಸಿ ಕೊಟ್ಟರು:

“ನಮ್ಮ ಮನೆಯ ಮೇಲೆಯೇ ಇದ್ದಾನೆ.”

“ಇರ್ಲಿ ಬಿಡ್ರೀ,” ಬೇಲಿಯ ಈಚೆಯಿಂದ ಕಾಳಮ್ಮನವರ ದನಿ ಬಂತು, “ಸಂಡಿಗೆ ಮೇಲೆ ಏನಿದೆ ನೋಡಿ ಮೊದ್ಲು. ರೆಕ್ಕೆ ಸದ್ದು ಕೇಳ್ತಿದೆ!”