ಕೆಡದ ಮೋಟಾರಿನ ರಿಪೇರಿ

ಎದ್ದ ತಕ್ಷಣ ಕಾಫಿ ಸಿಗದ ಗಂಡಸಿನ ಸಂಕಟ ಏನೆಂದು ತಿಳಿಯಬೇಕಾದರೆ ಅರಸೀಕೆರೆಯ ಇಂದುಧರನನ್ನು ಕೇಳಬೇಕು. ಕೊಬ್ಬರಿ ಮಂಡಿಯಲ್ಲಿ ಅವನೊಮ್ಮೆ ಕೆಮ್ಮಿದರೆ ಹಮಾಲಿಗಳು ಮೂಟೆ ಇಳಿಸಿ ತಿರುಗಿ ನೋಡುತ್ತಾರೆ. ಮನೆಯಲ್ಲಿ ಕೆಮ್ಮಿದರೆ ಹೆಂಡತಿ ಪುಷ್ಪಲತಾ, “ಬಿಸಿನೀರು ಕುಡೀರಿ” ಅನ್ನುತ್ತಾಳೆ. ಇತ್ತೀಚೆಗೆ ಅಷ್ಟು ಅನ್ನುವುದಕ್ಕೂ ಅವಳು ಮನೆಯಲ್ಲಿರುತ್ತಿರಲಿಲ್ಲ.

ಕಾರಣ, ಬಡಾವಣೆಯ ಪಾರ್ಕಿನಲ್ಲಿ ಹುಟ್ಟಿಕೊಂಡಿದ್ದ ‘ಹಸಿರು ಬಳಗ’. ನಿವೃತ್ತ ಡ್ರಿಲ್ ಟೀಚರ್ ಆಶಾರಾಣಿ ಅದರ ಸಂಸ್ಥಾಪಕಿ. ಸುಮ್ಮನೆ ಕೈಕಾಲು ಬೀಸಿ ಬೆವರು ಸುರಿಸುವುದು ದಂಡ, ಅದೇ ಬೆವರಿನಲ್ಲಿ ಪಾರ್ಕೂ ಉದ್ಧಾರವಾಗಲಿ ಎಂಬುದು ಅವರ ಸಿದ್ಧಾಂತ. ಬಸ್ಕಿ ಹೊಡೆಯುವವರು ಕೂತಾಗಲೆಲ್ಲ ಒಂದು ಕಳೆ ಕಿತ್ತೇ ಏಳಬೇಕು; ತೋಳು ಗಟ್ಟಿಯಾಗಬೇಕೆನ್ನುವವರು ಗುದ್ದಲಿ ಹಿಡಿಯಬೇಕು; ಓಡುವವರು ಚೀಲ ಹಿಡಿದು ಪ್ಲಾಸ್ಟಿಕ್ ಆಯುತ್ತಾ ಓಡಬೇಕು. ಪುಷ್ಪಲತಾ ಕತ್ತಲಿರುವಾಗಲೇ ಹೊರಟರೆ, ಅಲ್ಲಿನ ಹೊಂಗೆ ಸಸಿಗಳ ಯೋಗಕ್ಷೇಮ ವಿಚಾರಿಸಿಕೊಂಡು ಬಿಸಿಲೇರಿದ ಮೇಲೆ ಬರುತ್ತಿದ್ದಳು. (ಇಂದುಧರನ ಮಟ್ಟಿಗೆ ಅದು ಹಸಿರು ಬಳಗವಲ್ಲ, ಹಸಿವು ಬಳಗ.)

“ನಿನಗೆ ಗಂಡ ಹೆಚ್ಚೋ, ಹೊಂಗೆ ಗಿಡ ಹೆಚ್ಚೋ?” ಎಂದು ಒಂದು ದಿನ ಕೇಳಿಯೇಬಿಟ್ಟ.

“ಹೊಂಗೆ ಗಿಡ ನೀರು ಹಾಕಿದ್ರೆ ಬೆಳೆಯುತ್ತೆ ಕಣ್ರೀ. ನೀವು ಏನೂ ಹಾಕದಿದ್ರೂ ಬೆಳೀತಾ ಇದ್ದೀರ,” ಎಂದು ಅವಳು ಅವನ ಹೊಟ್ಟೆ ನೋಡಿದಳು. “ಸಕ್ಕರೆ ಏರಿದೆ, ಮೈ ಬಗ್ಗಿಸಿ ಅಂತ ಡಾಕ್ಟ್ರು ಹೇಳಿಲ್ವಾ? ನೀವೂ ಬನ್ನಿ.”

“ಬಡಾವಣೆ ಸಂಘದ ಅಧ್ಯಕ್ಷ ನಾನು! ಕುಕ್ಕರುಗಾಲಲ್ಲಿ ಕೂತು ಹುಲ್ಲು ಕೀಳಲಾ?”

ಅಧ್ಯಕ್ಷ ಎಂಬ ಮಾತು ಬಾಯಿಂದ ಹೊರಬಿದ್ದದ್ದೇ ತಡ, ತಲೆಯಲ್ಲಿ ದಿವ್ಯಜ್ಯೋತಿಯೊಂದು ಬೆಳಗಿತು. ಪಾರ್ಕಿನ ಬೀಗ ಯಾರ ಅಧೀನ? ಸಂಜೆಯೇ ಕಾವಲುಗಾರ ಕರಿಯಯ್ಯನನ್ನು ಕರೆಸಿದ.

“ನಾಳೆಯಿಂದ ಪಾರ್ಕಿಗೆ ಬೀಗ ಹಾಕು ಕರಿಯಯ್ಯ. ಕೇಳಿದವರಿಗೆ ಬೋರ್‌ವೆಲ್ ಮೋಟಾರ್ ಕೆಟ್ಟಿದೆ, ಒಳಗೆಲ್ಲ ಕರೆಂಟ್ ವೈರ್ ಬಿದ್ದಿದೆ ಅನ್ನು.”

“ಮೋಟ್ರು ಚೆಂದಾಗೇ ಐತಲ್ಲ ಸ್ವಾಮಿ? ಈಗಿನ್ನ ಆಫ್ ಮಾಡಿ ಬಂದೆ.”

“ಕೆಟ್ಟಿದೆ ಅಂದರೆ ಕೆಟ್ಟಿದೆ!”

“ಆಯ್ತು ಬುಡಿ. ಕೆಟ್ಟೈತೆ.”

ಮರುದಿನ ಇಂದುಧರ ಕಣ್ಣು ಬಿಡುವ ಮೊದಲೇ ಮೂಗಿಗೆ ಫಿಲ್ಟರ್ ಕಾಫಿಯ ಪರಿಮಳ ಬಡಿಯಿತು. ಹಾಸಿಗೆಯಲ್ಲೇ ಕೈಮುಗಿದ. ಲೋಟ ಇನ್ನೂ ಅರ್ಧವಾಗಿಲ್ಲ, ಹಿತ್ತಲಲ್ಲಿ ಧಡಧಡ ಸದ್ದು. ಹೋಗಿ ನೋಡಿದರೆ ಇಡೀ ಹಸಿರು ಬಳಗ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಕುಣಿಯುತ್ತಿದೆ.

“ರಿಪೇರಿ ಆಗೋವರೆಗೆ ಇಲ್ಲೇ ಮಾಡೋಣ ಅಂತ ನಾನೇ ಕರೆದೆ. ಎಷ್ಟು ದಿನ ಆಗುತ್ತೆ ರೀ?” ಎಂದಳು ಪುಷ್ಪಲತಾ.

ಕಾಫಿಯ ಆಸೆ ಇನ್ನೂ ನಾಲಗೆಯ ಮೇಲಿತ್ತು. “ಹಾಸನದಿಂದ ಸಾಮಾನು ಬರಬೇಕು. ಒಂದು ವಾರ!” ಎಂದುಬಿಟ್ಟ.

“ಅಯ್ಯೋ, ಸಸಿಗಳ ಗತಿ ಏನು ಸಾರ್?” ಎಂದು ಆಶಾರಾಣಿ ಎದೆಗೆ ಕೈಯಿಟ್ಟರು. “ಈ ಬಿಸಿಲಲ್ಲಿ ಒಂದು ವಾರ ಉಳೀತವಾ? ನಾವು ಒಳಗೆ ಹೋಗೋ ಹಾಗಿಲ್ಲ. ವೈರು ಎಲ್ಲೆಲ್ಲಿದೆ ಅಂತ ನಿಮಗೊಬ್ಬರಿಗೇ ಗೊತ್ತಿರೋದು.”

“ಕರಿಯಯ್ಯ ಇದ್ದಾನಲ್ಲ...”

“ಪಾಪ, ಅವನಿಗೆ ಕರೆಂಟ್ ಹೊಡೆದ್ರೆ?” ಎಂದಳು ಪುಷ್ಪಲತಾ. (ತನಗೆ ಹೊಡೆದರೆ ಎಂದು ಕೇಳುವ ಮನಸ್ಸಾಯಿತು. ಉತ್ತರದ ಭಯಕ್ಕೆ ಕೇಳಲಿಲ್ಲ.)

ಹೀಗೆ ಬಡಾವಣೆ ಸಂಘದ ಘನ ಅಧ್ಯಕ್ಷರು ಎರಡು ಪ್ಲಾಸ್ಟಿಕ್ ಕೊಡ ಹಿಡಿದು ಬೀದಿ ನಲ್ಲಿಯಿಂದ ಪಾರ್ಕಿಗೆ ನೀರು ಹೊರತೊಡಗಿದರು. ಇಲ್ಲದ ವೈರುಗಳನ್ನು ಕಾಲೆತ್ತಿ ಕಾಲೆತ್ತಿ ದಾಟುವ ಕೆಲಸ ಬೇರೆ. ಮೋಟಾರ್ ಹಾಕಿಬಿಡೋಣವೆಂದರೆ ಅದರ ಆರ್ಭಟ ನಾಲ್ಕು ಬೀದಿಗೆ ಕೇಳುತ್ತದೆ. ಹಿತ್ತಲಿನ ವ್ಯಾಯಾಮ ಮುಗಿಸಿದ ಬಳಗ ದಿನವೂ ಬೇಲಿಯಾಚೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಆಶಾರಾಣಿಯ ಕೂಗು: “ಬೆನ್ನು ನೇರ ಸಾರ್! ಮಂಡಿ ಬಗ್ಗಿಸಿ ಎತ್ತಿ!” ಮಂಡಿ ಎಂದರೆ ಅದುವರೆಗೆ ಅವನಿಗೆ ಕೊಬ್ಬರಿ ಹರಾಜಾಗುವ ಜಾಗವಷ್ಟೇ. ಕಾಲಿನಲ್ಲೂ ಎರಡಿವೆ, ಅಲ್ಲಿ ಇಡೀ ರಾತ್ರಿ ಹರಾಜು ನಡೆಯುತ್ತದೆ ಎಂದು ಈಗ ತಿಳಿಯಿತು. ಬೇಲೂರಿನ ಶಿಲಾಬಾಲಿಕೆಯರು ಸೊಂಟ ಕೊಂಕಿಸಿಕೊಂಡು ಶತಮಾನಗಟ್ಟಲೆ ನಿಂತಿದ್ದಾರೆ. ಇಂದುಧರನ ಸೊಂಟ ಕೊಂಕಿದ್ದೇ ತಡ, ಚಪ್ಪಲಿ ಹಾಕಿಕೊಳ್ಳುವುದೂ ದುಸ್ತರವಾಯಿತು.

ನಿಜ ಹೇಳಿಬಿಡೋಣವೆಂದರೆ ಮುಖವಿಲ್ಲ. ಕೆಟ್ಟ ಮೋಟಾರನ್ನು ಯಾವ ಮೆಕ್ಯಾನಿಕ್ಕಾದರೂ ಸರಿಮಾಡುತ್ತಾನೆ. ಕೆಡದೇ ಇರುವುದನ್ನು ಯಾರು ಸರಿಮಾಡಬೇಕು? ಕೊಡ ಹೊರುತ್ತಾ ಹೊರುತ್ತಾ ಅವನಿಗೆ ಜೀವನದಲ್ಲೇ ಜುಗುಪ್ಸೆ ಬಂತು. ಒಂದು ಬೆಳಿಗ್ಗೆಯಂತೂ ಮೂಲೆಯ ಬಡಕಲು ಹೊಂಗೆಯ ಮುಂದೆ ಕುಕ್ಕರಿಸಿ, “ನೀನಾದರೂ ಸಾಯಬಾರದಾ?” ಎಂದು ಕೇಳಿದ. ಕೇಳುವಾಗಲೇ ಅದರ ತುದಿಯಲ್ಲಿ ತಾಮ್ರದ ಬಣ್ಣದ ಎರಡೆಲೆ ಚಿಗುರಿದ್ದು ಕಂಡಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಮುಟ್ಟಿದ. ಖುಷಿಯಾಯಿತು. ಖುಷಿಯಾದದ್ದಕ್ಕೆ ತನ್ನ ಮೇಲೇ ರೇಗಿ, ಇನ್ನೊಂದು ಕೊಡ ತಂದು ಸುರಿದ.

ಅಂತೂ ವಾರ ಮುಗಿಯಿತು. “ಮೋಟಾರ್ ಸರಿಯಾಯಿತು!” ಎಂದು ಘೋಷಿಸಿ, ಬಳಗವನ್ನೆಲ್ಲ ಒಳಗೆ ಬಿಟ್ಟು, ತಾನೇ ಸ್ವಿಚ್ ಒತ್ತಿದ. ನೀರು ಬುಸ್ಸೆಂದು ಚಿಮ್ಮಿತು. ಆಶಾರಾಣಿ ಗಂಭೀರವಾಗಿ ಬಂದು ಸ್ವಿಚ್ ಆರಿಸಿದರು.

“ಸಾರ್, ಪೈಪ್ ಹಿಡ್ಕೊಂಡು ನಿಂತರೆ ಅದೇನು ವ್ಯಾಯಾಮ? ನಿಮ್ಮನ್ನ ನೋಡಿ ನಮ್ಮ ಕಣ್ಣು ತೆರೀತು. ಇನ್ಮೇಲೆ ಎಲ್ಲರೂ ಕೊಡದಲ್ಲೇ ಹೊರೋದು. ಮುಂದಾಳು ನೀವು!”

ಚಪ್ಪಾಳೆ ಬಿತ್ತು. ಯಾರೋ ಹೊಸ ಕೊಡಕ್ಕೆ ಚೆಂಡು ಹೂವು ಸುತ್ತಿ ಅವನ ಕೈಗಿತ್ತರು.

ಮನೆಗೆ ಬರುವ ದಾರಿಯಲ್ಲಿ ಇಂದುಧರನ ಧೈರ್ಯವೆಲ್ಲ ಕುಸಿಯಿತು. “ಲತಾ, ನನ್ನ ಕೈಲಾಗಲ್ಲ ಕಣೇ. ಆ ಮೋಟಾರ್ ಕೆಟ್ಟೇ ಇರಲಿಲ್ಲ.”

“ಗೊತ್ತು ಕಣ್ರೀ. ಕರಿಯಯ್ಯ ಅವತ್ತು ಸಂಜೆನೇ ಹೇಳಿದ.”

ಅವನು ನಡುದಾರಿಯಲ್ಲೇ ನಿಂತುಬಿಟ್ಟ. “ಆಶಾ ಮೇಡಮ್ಮಿಗೆ?”

“ಅವರಿಗೂ ಗೊತ್ತು.”

“ಬಳಗಕ್ಕೆ?”

“ಎಲ್ಲರಿಗೂ.”

“ಅಂದ್ರೆ... ನಾನು ಇಲ್ಲದ ವೈರು ದಾಟುವಾಗ, ನೀವೆಲ್ಲ ಬೇಲಿ ಆಚೆ...”

“ನಗು ತಡೆಯೋದೇ ದೊಡ್ಡ ವ್ಯಾಯಾಮ ಆಗೋಯ್ತು ಕಣ್ರೀ,” ಎಂದಳು ಪುಷ್ಪಲತಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. “ಹೊಟ್ಟೆ ಕರಗೋಕೆ ಅದಕ್ಕಿಂತ ಒಳ್ಳೇದಿಲ್ಲ ಅಂದ್ರು ಆಶಾ ಮೇಡಂ.”