ಅರವತ್ತೆರಡು ಪರ್ಸೆಂಟು

ಈರುಳ್ಳಿ ಹರಾಜು ಕೂಗುತ್ತ ಹಿದಾಯತ್ ಉಲ್ಲಾ ಎದೆಯ ಮೇಲೆ ಕೈ ಇಟ್ಟುಕೊಂಡದ್ದೇ ತಪ್ಪಾಯಿತು. ಗುಂಡ್ಲುಪೇಟೆ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದೇ ಕೂಗು. ಒಂದೇ ಉಸಿರಿನಲ್ಲಿ ಹನ್ನೆರಡು ಬೆಲೆ ಹೇಳುವವನೆಂದು ಕೇರಳದ ಲಾರಿಯವರೂ ಬಲ್ಲರು. ಅಂಥವನ ಎದೆ ಒಂದು ಗಳಿಗೆ ಚುಳ್ ಎಂದಿತು, ಅಷ್ಟೇ. ವರ್ತಕರು ಆಗಲೇ ಡಾಕ್ಟರಿಗೆ ತೋರಿಸಿ ಕರೆತಂದರು.

“ಸಾಬ್ರೆ, ಡಾಕ್ಟ್ರು ಬರಕೊಟ್ಟಿರೋ ಹಾರ್ಟಿನ ಎಂಆರ್‌ಐ ಮಾಡ್ಸ್ಕೊಂಡು ಬನ್ನಿ. ರಿಪೋರ್ಟ್ ನೋಡೋಗಂಟ ಹರಾಜಿನ ಕಟ್ಟೆ ಹತ್‌ಬ್ಯಾಡಿ,” ಎಂದರು ವರ್ತಕರ ಅಧ್ಯಕ್ಷ ಸಿದ್ದಮಲ್ಲಪ್ಪ.

“ಅಲ್ಲೀಗಂಟ ನಾನ್ ಕೂಗ್ತೀನಿ ಬುಡಣ್ಣ,” ಎಂದ ಮೂಟೆ ತೂಕ ಹಾಕುವ ಮರಿಯಪ್ಪ. ಅವನ ಗಂಟಲು ಆಗಲೇ ಸಿದ್ಧವಾಗಿತ್ತು.

ಮರುದಿನ ಬೆಳಿಗ್ಗೆ ಚಾಮರಾಜನಗರದ ಸ್ಕ್ಯಾನ್ ಸೆಂಟರಿನಲ್ಲಿ, ಬೇಕರಿಯವರು ಒಲೆಗೆ ಬನ್ನಿನ ತಟ್ಟೆ ತಳ್ಳುವ ಹಾಗೆ ಹಿದಾಯತ್‌ನನ್ನು ಯಂತ್ರದೊಳಕ್ಕೆ ತಳ್ಳಿದರು. ಹತ್ತು ಜನ ಸೇರಿ ತಗಡು ಬಡಿದಂಥ ಸದ್ದು.

“ಉಸಿರು ಹಿಡ್ಕೊಳಿ,” ಎಂದಳು ಇಯರ್‌ಫೋನಿನಲ್ಲಿ ಟೆಕ್ನಿಷಿಯನ್ ಶಿವರಂಜನಿ. ಹಿಡಿದ. “ಈಗ ಬಿಡಿ.” ಬಿಡಲಿಲ್ಲ. “ಬಿಡಿ ಸರ್!” ಹರಾಜಿನವನ ಉಸಿರೆಂದರೆ ಹುಡುಗಾಟವೇ? ಕೊನೆಗೆ ಗಾಬರಿಯಾಗಿ ಹೊರಗೆಳೆದರು. ಮುಖ ಬದನೆಕಾಯಿಯಾಗಿತ್ತು.

“ಏನಾಯ್ತು ಸರ್?”

“ಏನೂ ಆಗಿಲ್ಲಮ್ಮ. ಇನ್ನೂ ಅರ್ಧ ಉಸಿರು ಒಳಗೇ ಅದೆ.”

“ನಾವು ನೋಡೋದು ನಿಮ್ಮ ದಮ್ಮಲ್ಲ ಸರ್, ರಕ್ತ ಹೆಂಗೆ ಹರೀತದೆ ಅಂತ. ಹೇಳ್ದಾಗ ಬಿಡಿ. ಇಲ್ದಿದ್ರೆ ರಿಪೋರ್ಟೇ ಬರಲ್ಲ.”

ರಿಪೋರ್ಟಿಲ್ಲದೆ ಕಟ್ಟೆಯಿಲ್ಲ. ಮುಂದೆ ಹೇಳಿದಂತೆ ಕೇಳಿದ.

ಮಧ್ಯಾಹ್ನ ಡಾಕ್ಟರು ಬೆನ್ನು ತಟ್ಟಿದರು. “ರಕ್ತದ ಓಡಾಟ ಚೆನ್ನಾಗಿದೆ. ಪಂಪಿಂಗ್ ಅರವತ್ತೆರಡು ಪರ್ಸೆಂಟ್. ಆ ನೋವು ಬರೀ ಗ್ಯಾಸು. ಹೋಗಿ ಕೂಗಿ!”

ಅರವತ್ತೆರಡು! ಎಸ್ಸೆಸ್ಸೆಲ್ಸಿಯಲ್ಲೂ ಕಾಣದ ಅಂಕ. ಬಸ್ಸಿನಲ್ಲಿ ಕಂಡಕ್ಟರಿಗೂ ರಿಪೋರ್ಟ್ ತೋರಿಸಿದ. ಸಂಜೆಯ ಹರಾಜಿಗೆ ಸರಿಯಾಗಿ ಮಾರುಕಟ್ಟೆ ಸೇರಿದವನೇ ಕಟ್ಟೆ ಹತ್ತಿ ಕೂಗಿದ: “ನನ್ ಹಾರ್ಟು ಅರವತ್ತೆರಡು ಪರ್ಸೆಂಟು!”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಿದ್ದಮಲ್ಲಪ್ಪ ಕನ್ನಡಕ ಏರಿಸಿ ಹಾಳೆ ನೋಡಿದರು.

“ನೂರಕ್ಕಾ ಸಾಬ್ರೆ? ಮಿಕ್ಕ ಮೂವತ್ತೆಂಟು ಎಲ್ಲೋಯ್ತು?”

“ಯಾರ್ಗೂ ನೂರು ಇರಲ್ವಂತೆ ಯಜಮಾನ್ರೆ. ಡಾಕ್ಟ್ರೇ ಚೆನ್ನಾಗದೆ ಅಂದವ್ರೆ.”

“ನಿಮ್ ಸಮಾಧಾನಕ್ಕೆ ಅಂದವ್ರೆ. ನೂರು ಕೆಜೀಲಿ ಮೂವತ್ತೆಂಟು ಕೊಳ್ತೋಗಿದ್ರೆ ಆ ಮಾಲು ನೀವೇ ಕೂಗ್ತಿದ್ರಾ? ಮನೇಲಿ ರೆಸ್ಟ್ ತಗೊಳಿ. ಮರಿಯಪ್ಪ ಕೂಗ್ಲಿ.”

“ಅವನ್ದೆಷ್ಟು ಪರ್ಸೆಂಟು? ಕೇಳಿ ಅವನ್ನ!”

ಮರಿಯಪ್ಪ ಎದೆಯುಬ್ಬಿಸಿ ಕಟ್ಟೆ ಹತ್ತಿದ.

“ನಾನು ಟೆಸ್ಟೇ ಮಾಡ್ಸಿಲ್ಲ ಕಣಣ್ಣ. ನಂದು ನೂರಕ್ಕೆ ನೂರು!”