ಗೀರು ಬೀಳದ ರೇಸ್ ಕಾರು

ಕಾರಿನ ಹುಚ್ಚು ಹಿಡಿದವನ ಮನೇಲಿ ಇಂಥವು ನಡೀತಾನೇ ಇರುತ್ತವೆ. ಆ ಹೊತ್ತಿಗೆ ಬೆವರು ಬರುತ್ತೆ, ಆಮೇಲೆ ನಗು ಬರುತ್ತೆ. ಈಗ ನೆನೆಸಿಕೊಂಡರೆ ನನಗೆ ನಗುವಿನ ಜೊತೆ ಕಣ್ಣೂ ತುಂಬುತ್ತೆ, ಇಷ್ಟು ಜನ ನನ್ನನ್ನ ಹೇಗಪ್ಪಾ ಸಹಿಸಿಕೊಂಡರು ಅಂತ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಚೆನ್ನೈಯಲ್ಲಿ ವಿಮಾ ಕಚೇರಿಯ ನೌಕರ. ಮೈಲಾಪೂರದ ಹಳೇ ಬಾಡಿಗೆ ಫ್ಲ್ಯಾಟೊಂದರಲ್ಲಿ ಹೆಂಡತಿ, ಅತ್ತೆ, ನಾನು. ವೇಲಚೇರಿಯಲ್ಲಿ ಸ್ವಂತ ಮನೆ ಮಾಡೋಣ ಅಂತ ಕೂಡಿಟ್ಟ ದುಡ್ಡಿತ್ತು. ಅಷ್ಟರಲ್ಲಿ ಹಡಗಿನ ಅಧಿಕಾರಿಯೊಬ್ಬರು ಊರು ಬಿಡುವಾಗ ತಮ್ಮ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರನ್ನ ಮಾರಾಟಕ್ಕಿಟ್ಟರು. ಬುದ್ಧಿ ಕೆಟ್ಟಿತು, ಆ ದುಡ್ಡೆಲ್ಲ ಸುರಿದು ಕೊಂಡುಬಿಟ್ಟೆ. ಹೆಂಡತಿ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಷರತ್ತು ಹಾಕಿದಳು: "ಎರಡು ವರ್ಷ ಓಡಿಸಿ, ರೇಸಿಗೂ ಹೋಗಿ. ಆದರೆ ಕೊಂಡ ಬೆಲೆಗೇ ಮಾರಬೇಕು. ಆ ಕಾರು ನನ್ನ ಮನೆ. ನೆನಪಿರಲಿ."

ಅವತ್ತಿನಿಂದ ನಮ್ಮನೇಲಿ ಎಲ್ಲರ ಬಾಯಲ್ಲೂ ಒಂದೇ ಮಂತ್ರ, ರೀಸೇಲು.

ಮೆಕ್ಯಾನಿಕ್ಕನ ಸಂಕಟ

ಪಲ್ಲಾವರಂನಲ್ಲಿ ಶೆಡ್ ಇಟ್ಟಿದ್ದ ತಮಿಳು ಮೆಕ್ಯಾನಿಕ್ ಒಬ್ಬ ಸಿಕ್ಕಿದ. ಬಂಗಾರದಂಥ ಮನುಷ್ಯ. ಭಾನುವಾರದ ಹವ್ಯಾಸಿ ರೇಸುಗಳಿಗೆ ಕಾರು ತಯಾರು ಮಾಡಿಕೊಡಪ್ಪಾ ಅಂದೆ. ಖುಷಿಯಾಗಿ ಡ್ರಿಲ್ಲಿಂಗ್ ಮೆಷಿನ್ ಎತ್ತಿಕೊಂಡ. ತೂತು ಕೊರೆಯೋ ಹಾಗಿಲ್ಲ ಅಂದೆ. ಕಟಿಂಗ್ ಮೆಷಿನ್ ಎತ್ತಿಕೊಂಡ. ಕತ್ತರಿಸೋ ಹಾಗೂ ಇಲ್ಲ, ವೆಲ್ಡಿಂಗೂ ಬೇಡ, ಏನೇ ಹಾಕಿದರೂ ನಾಳೆ ಬಿಚ್ಚಿದರೆ ಗುರುತು ಸಿಗಬಾರದು ಅಂದೆ.

ಅವನು ಮೆಷಿನ್ ಕೆಳಗಿಟ್ಟು, ಕೈ ಒರೆಸಿಕೊಂಡು, ನನಗೂ ಅರ್ಥವಾಗಲಿ ಅಂತ ತಮಿಳಿನಲ್ಲೇ ನಿಧಾನವಾಗಿ ಕೇಳಿದ. ರೇಸಿಗೆ ಕಳಿಸ್ತಾ ಇದೀರಾ ಸಾರ್, ಇಲ್ಲಾ ಹೆಣ್ಣು ತೋರಿಸ್ತಾ ಇದೀರಾ ಅಂತ.

ಆದರೂ ಮಾಡಿಕೊಟ್ಟ. ಉರುಳಿದರೆ ತಲೆ ಕಾಯೋ ಕಬ್ಬಿಣದ ಚೌಕಟ್ಟನ್ನ ಮೊದಲೇ ಇದ್ದ ತೂತುಗಳಿಗೇ ಬೋಲ್ಟು ಹಾಕಿ ಕೂರಿಸಿದ. ಬಣ್ಣಕ್ಕೆ ಉಜ್ಜದಿರಲಿ ಅಂತ ತನ್ನದೇ ಹಳೇ ವೇಷ್ಟಿ, ಅಂದರೆ ಪಂಚೆ, ಹರಿದು ಸಂದಿಗೆಲ್ಲ ತುರುಕಿದ. ಆ ಉಪಕಾರ ನಾನು ಮರೆಯೋ ಹಾಗಿಲ್ಲ. ಅವನ ಹೆಂಡತಿಯೂ ಮರೆತಿಲ್ಲ, ಅದು ಅವಳು ದೀಪಾವಳಿಗೆ ಕೊಡಿಸಿದ ವೇಷ್ಟಿಯಂತೆ.

ನಡುಮನೆಯಲ್ಲಿ ಸೀಟು

ಬಿಚ್ಚಿದ ಅಸಲಿ ಸಾಮಾನೆಲ್ಲ ಮನೆಗೆ ಬಂತು. ಒಂದೊಂದಕ್ಕೂ ಅತ್ತೆ ಚೀಟಿ ಅಂಟಿಸಿದರು. ಸೈಲೆನ್ಸರು ಮಂಚದ ಕೆಳಗೆ, ನಾಲ್ಕು ಚಕ್ರ ದೇವರ ಕೋಣೆಯ ಪಕ್ಕ. ಮುಂದಿನ ಸೀಟಿಗೆ ಜಾಗವಿರಲಿಲ್ಲ, ಒಂದು ಹಲಗೆಗೆ ಕೂರಿಸಿ ನಡುಮನೆಯಲ್ಲೇ ಇಟ್ಟೆವು. ಅದರ ಪ್ಲಾಸ್ಟಿಕ್ ಹೊದಿಕೆ ತೆಗೆಯೋಕೆ ಅತ್ತೆ ಬಿಡಲಿಲ್ಲ.

ಮೇ ತಿಂಗಳಲ್ಲಿ ಮೈಸೂರಿಂದ ಹೆಂಡತಿಯ ಸೋದರಮಾವ ಬಂದರು. ಚೆನ್ನೈ ಸೆಕೆ ತಾಳಲಾರದೆ ಬನಿಯನ್ನೂ ಕಳಚಿ, ಬರೀ ಮೈಯಲ್ಲಿ ಆ ಸೀಟಿನ ಮೇಲೆ ಒರಗಿದರು. ಏನ್ ಸುಖ, ಏನ್ ಸುಖ ಅಂತ ಅಲ್ಲೇ ನಿದ್ದೆ ಹೋದರು. ಊಟಕ್ಕೆ ಕರೆದಾಗ ಎದ್ದರು. ಜೊತೆಗೆ ಪ್ಲಾಸ್ಟಿಕ್ಕೂ ಎದ್ದಿತು. ಬೆನ್ನಿಗೆ ಅಂಟಿಕೊಂಡದ್ದು ಅವರಿಗೆ ಗೊತ್ತೇ ಇಲ್ಲ, ಸರಸರ ಸದ್ದು ಮಾಡುತ್ತಾ ನಡೆದರು. ಹಿಂದಿನಿಂದ ಅತ್ತೆ ಎರಡೂ ಕೈ ಚಾಚಿಕೊಂಡು, "ಮೆಲ್ಲಗೆ ಅಣ್ಣಾ, ಹರಿದೀತು, ರೀಸೇಲ್ ಇದೆ" ಅನ್ನುತ್ತಾ ಅಡಿಗೆಮನೆವರೆಗೂ ಹೋದರು.

ಮೈದಾ ಗೋಂದು

ರೇಸಿಗೆ ಬಾಗಿಲ ಮೇಲೆ ದೊಡ್ಡದಾಗಿ ನಂಬರು ಬೇಕು. ಸ್ಟಿಕ್ಕರು ಕೀಳುವಾಗ ಬಣ್ಣ ಬರುತ್ತೆ ಅಂತ ನನಗೆ ಭಯ. ಅದಕ್ಕೇನಂತೆ ಅಂತ ಅತ್ತೆ ಮೈದಾ ಗೋಂದು ಕಾಯಿಸಿದರು, ಇಪ್ಪತ್ತೇಳು ಅಂತ ಬರೆದ ಬಿಳಿ ಕಾಗದ ಅಂಟಿಸಿದರು. ನೀರು ಹಾಕಿದರೆ ಹೋಗುತ್ತೆ ನೋಡಿ ಅಂದರು.

ದಾರಿಯಲ್ಲಿ ಮೆಕ್ಯಾನಿಕ್ಕನ್ನ ಹತ್ತಿಸಿಕೊಳ್ಳೋಕೆ ಪಲ್ಲಾವರಂನಲ್ಲಿ ನಿಲ್ಲಿಸಿದೆ. ಕಾಫಿ ಕುಡಿದು ಬರೋಷ್ಟರಲ್ಲಿ ಒಂದು ಮೇಕೆ ಏಳನ್ನ ತಿಂದು ಮುಗಿಸಿತ್ತು, ಎರಡು ಮಾತ್ರ ಉಳಿದಿತ್ತು. ಅದು ಗೊತ್ತಾಗಿದ್ದು ಆಮೇಲೆ, ಆಗ ನಾವು ನೋಡಲೂ ಇಲ್ಲ. ಟ್ರ್ಯಾಕಿನಲ್ಲಿ ನಿಜವಾದ ಎರಡನೇ ನಂಬರಿನ ಕಾರು ಬೇರೆ ಇತ್ತು. ಸುತ್ತು ಎಣಿಸುವವರು ನನ್ನ ಸುತ್ತುಗಳನ್ನೂ ಆ ಕಾರಿನವನಿಗೇ ಸೇರಿಸಿದರು. ಅರ್ಧ ದಾರಿಯಲ್ಲಿ ಇಂಜಿನ್ ಕೆಟ್ಟು ಮರದ ನೆರಳಲ್ಲಿ ಕೂತು ಎಳನೀರು ಕುಡಿಯುತ್ತಿದ್ದ ಆ ಮಹರಾಯನನ್ನ ಮೈಕಿನಲ್ಲಿ ಕರೆದು, ರೇಸು ಪೂರೈಸಿದ್ದಕ್ಕೆ ಸರ್ಟಿಫಿಕೇಟು ಕೊಟ್ಟರು.

ಕೊಳ್ಳಲು ಬಂದವರು

ಎರಡು ವರ್ಷ ಮುಗಿಯಿತು. ಒಂದು ರೇಸೂ ಗೆಲ್ಲಲಿಲ್ಲ. ಹೇಗೆ ಗೆಲ್ಲಲಿ? ತಿರುವು ಬಂದರೆ ನನಗೆ ಕಾಣುತ್ತಿದ್ದದ್ದು ವೇಲಚೇರಿ ಮನೆಯ ಅಡಿಗೆಮನೆ. ಬ್ರೇಕು ತುಳಿಯುತ್ತಿದ್ದೆ. ಹಿಂದಿನವರು ಬಂದರೆ ಇಂಡಿಕೇಟರು ಹಾಕಿ, ಕೈ ತೋರಿಸಿ ದಾರಿ ಬಿಡುತ್ತಿದ್ದೆ.

ಮೆಕ್ಯಾನಿಕ್ ಒಂದು ವಾರ ಕೂತು ಅತ್ತೆಯ ಚೀಟಿಗಳ ಪ್ರಕಾರ ಎಲ್ಲವನ್ನೂ ವಾಪಸ್ ಜೋಡಿಸಿದ. ರೇಸಿನ ಮಾತೇ ಎತ್ತಬಾರದು, ರೇಸಿಗೆ ಓಡಿದ ಕಾರು ಅಂದರೆ ಅರ್ಧ ಬೆಲೆಗೂ ಯಾರೂ ಮುಟ್ಟೋದಿಲ್ಲ ಅಂತ ಎಲ್ಲರಿಗೂ ಹೇಳಿಟ್ಟ. ಕಾರು ನೋಡೋಕೆ ಬರುವ ದಿನ ಹೆಂಡತಿ ಬೆಳಿಗ್ಗೆಯಿಂದ ತುತ್ತು ಬಾಯಿಗಿಟ್ಟಿರಲಿಲ್ಲ.

ಕೊಳ್ಳಲು ಬಂದವರು ಟೋಪಿ ಹಾಕಿದ್ದ ಒಬ್ಬ ಹಿರಿಯರು. ನಾನು ಪಾಠ ಒಪ್ಪಿಸಿದೆ. ಭಾನುವಾರ ಭಾನುವಾರ ದೇವಸ್ಥಾನಕ್ಕೆ ಹೋಗಿ ಬರೋದು ಸಾರ್, ಅಷ್ಟೇ ಅಂದೆ. ಅವರು ಕೇಳಿಸಿಕೊಂಡು ಟೋಪಿ ತೆಗೆದರು. ಆಗ ಗುರುತು ಸಿಕ್ಕಿತು. ಟ್ರ್ಯಾಕಿನ ಮೂರನೇ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುತ್ತಿದ್ದವರೇ ಅವರು. ನಿಧಾನ ಹೋಗುವವನಿಗೆ, ಪಕ್ಕಕ್ಕೆ ಸರಿ ಅಂತ ನೀಲಿ ಬಾವುಟ ಬೀಸೋದು ಅವರ ಕೆಲಸ.

"ನಿಮಗೆ ಬಾವುಟ ಬೀಸಿ ಬೀಸಿ ನನ್ನ ಭುಜವೇ ಹೋಯಿತು," ಅಂದರು. ನಾನು ತಪ್ಪಾಯ್ತು ಸಾರ್ ಅಂತ ಕೈ ಮುಗಿದೆ. ಅವರು ನಕ್ಕುಬಿಟ್ಟರು. "ದೇವಸ್ಥಾನಕ್ಕೆ ಹೋಗೋ ಕಾರುಗಳನ್ನ ಇದಕ್ಕಿಂತ ಜೋರಾಗಿ ಓಡಿಸ್ತಾರೆ. ಎರಡು ವರ್ಷ ಕಣ್ಣಾರೆ ನೋಡಿದೀನಿ, ಈ ಇಂಜಿನ್ನಿಗೆ ನೀವು ಒಂದು ದಿನವೂ ಆಯಾಸ ಕೊಟ್ಟಿಲ್ಲ. ಅದಕ್ಕೇ ಬಂದೆ." ಕೇಳಿದ ಬೆಲೆಗೇ ಒಪ್ಪಿಕೊಂಡರು. ಆ ಪುಣ್ಯಾತ್ಮ ಎಲ್ಲಿದ್ದರೂ ಚೆನ್ನಾಗಿರಲಿ.

ವೇಲಚೇರಿ ಮನೆಯ ಗೃಹಪ್ರವೇಶಕ್ಕೆ ಅವರೂ ಬಂದರು, ಮೆಕ್ಯಾನಿಕ್ಕನೂ ಸಂಸಾರ ಸಮೇತ ಬಂದ, ಹೊಸ ವೇಷ್ಟಿ ಕೊಟ್ಟೆವು. ಊಟದ ಪಂಕ್ತಿಯಲ್ಲಿ ಯಾರೋ, ಈ ಕಾಲದಲ್ಲಿ ಇಷ್ಟು ಬೇಗ ಸ್ವಂತ ಮನೆ ಹೇಗಮ್ಮಾ ಮಾಡಿದಿರಿ ಅಂತ ನನ್ನ ಹೆಂಡತಿಯನ್ನ ಕೇಳಿದರು. ಅವಳು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತಾ ಹೇಳಿದಳು:

"ದೇವರ ದಯ. ನಮ್ಮವರು ಒಂದೇ ಒಂದು ಸಲ ಗೆದ್ದಿದ್ದರೂ ನಾವು ಇವತ್ತು ಬಾಡಿಗೆ ಮನೇಲಿರ್ತಿದ್ವಿ."